ಎಡಗೈಯ ಇಸ್ತ್ರಿ

ಮಾರ್ಚ್ 3, ಮಧ್ಯಾಹ್ನ
ಆಸ್ಪತ್ರೆಯ ಬಿಳಿ ಕೋಟು ನಲವತ್ತು. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಇಪ್ಪತ್ತಾರು ವರ್ಷದಿಂದ ಇದೇ ಪಾಠ. ಯಜಮಾನರು ಏದುಸಿರು ಬಿಡುತ್ತಾ ಬಂದರು. ಟೀವಿಯವರು ಬರುತ್ತಾರಂತೆ. ನಮ್ಮ ಎಡಚ ಈಗ ದೊಡ್ಡ ನಟ, ಅವನು ಮೊದಲು ಕೆಲಸ ಮಾಡಿದ ಲಾಂಡ್ರಿ ತೋರಿಸಬೇಕಂತೆ.

"ನಿನ್ನ ಫ್ರೆಂಡ್ ಅಲ್ವೇನಯ್ಯಾ ಅವ್ನು?"

ಫ್ರೆಂಡೇ. ಇದೇ ಮೇಜಿನ ಆ ತುದಿ ಅವನದು, ಈ ತುದಿ ನನ್ನದು. ಸಂಜೆ ಇಬ್ಬರೂ ನಾಟಕ ಆಡುತ್ತಿದ್ದೆವು. ಸಿನಿಮಾದವರು ಇಬ್ಬರನ್ನೂ ಕರೆದಿದ್ದರು. ರಜಾ ಸಿಕ್ಕಿದ್ದು ಒಬ್ಬನಿಗೆ. "ನೀನು ಹೋಗೋ, ನಿನ್ನ ಪಾಲಿನ ಬಟ್ಟೆ ನಾನು ಮುಗಿಸ್ತೀನಿ" ಅಂದಿದ್ದೆ... ಅದನ್ನು ಅವನು ಟೀವಿಯಲ್ಲಿ ಒಮ್ಮೆ ಹೇಳಿಬಿಟ್ಟರೆ ಸಾಕು. ಇನ್ನೇನೂ ಬೇಡ ನನಗೆ.

ಮಾರ್ಚ್ 9
ಕಟಿಂಗ್ ಮಾಡಿಸಿದೆ. ನನ್ನ ಅಂಗಿಗೆ ನಾನೇ ಇಸ್ತ್ರಿ ಹಾಕಿಕೊಂಡೆ. "ಮದುವೆ ದಿನಾನೂ ಇಷ್ಟು ನೀಟಾಗಿರ್ಲಿಲ್ಲ" ಎಂದು ಇವಳು ಕಾಲೆಳೆದಳು.

ಟೀವಿ ಹುಡುಗಿ ಬಂದಳು. "ಸರ್, ಮುಖ ಬೇಡ. ಬರೀ ಕೈ ಸಾಕು. ಎಡಗೈಲಿ ಮಾಡಿ — ಅವ್ರು ಎಡಚರಲ್ವಾ." ಹನ್ನೊಂದು ಟೇಕ್. ಒಂದು ಕಾಲರ್ ಕಂದಿತು. "ಸೂಪರ್ ಸರ್, ಥೇಟ್ ಅವರ ಕೈನೇ!" ಅವಳು ವೈರು ಸುತ್ತುವಾಗ ರಜಾದ ಕಥೆ ಹೇಳಿದೆ. "ಹೂಂ ಸರ್, ಹೂಂ ಸರ್" ಅಂದಳು. ಕಿವಿಗೆ ಹಾಕಿಕೊಂಡಳೋ ಇಲ್ಲವೋ.

ಮಾರ್ಚ್ 30, ಸಂಜೆ 7
ಪಕ್ಕದ ಮನೆಯವರನ್ನೂ ಇವಳು ಕರೆದಿದ್ದಳು. ಟೀವಿ ಕಾರ್ಯಕ್ರಮದಲ್ಲಿ, ಅಲ್ಲಿನ ದೊಡ್ಡ ಪರದೆಯ ಮೇಲೆ ನನ್ನ ಕೈ ನೋಡಿ ಎಡಚ ಕಣ್ಣೊರೆಸಿಕೊಂಡ. "ಆವತ್ತು ನಂಗೆ ಯಾರೂ ರಜಾ ಕೊಡ್ಲಿಲ್ಲ. ನನ್ನ ಪಾಲಿನ ಬಟ್ಟೆ, ಪಕ್ಕದವನ ಪಾಲಿಂದೂ ಮುಗಿಸಿ ಓಡಿದೆ" ಅಂದ. ಎಲ್ಲರೂ ಚಪ್ಪಾಳೆ. ನಮ್ಮ ಮನೆಯಲ್ಲೂ.

ಇವಳು ಟೀವಿ ಆರಿಸಿದಳು. "ಮರ್ತಿರ್ಬೇಕು ಬಿಡಿ."

ಮರೆತಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಎಲ್ಲ ನೆನಪಿದೆ ಅವನಿಗೆ. ನನ್ನನ್ನು ತೆಗೆದು ಅಲ್ಲಿ ತಾನು ನಿಂತಿದ್ದಾನೆ, ಅಷ್ಟೇ.

ಏಪ್ರಿಲ್ 6
ಅಂಗಡಿಯಲ್ಲಿ ಜನವೋ ಜನ. ನನ್ನ ಮೇಜಿನ ಮೇಲುಗಡೆ ಅವನ ಫೋಟೋ.

"ಇನ್ಮೇಲೆ ಎಡಗೈಲೇ ಮಾಡಯ್ಯಾ. ಅದನ್ನ ನೋಡೋಕೇ ಬರ್ತಿದಾರೆ."

"ಬಟ್ಟೆ ಸುಡುತ್ತೆ ಯಜಮಾನ್ರೇ."

"ಆಗಲ್ಲ ಅಂದ್ರೆ ಹೇಳು. ಬೇರೆ ಎಡಚನ್ನ ಹುಡುಕ್ತೀನಿ."

ನಲವತ್ತೊಂಬತ್ತಕ್ಕೆ ಯಾರು ಕೆಲಸ ಕೊಡುತ್ತಾರೆ? ಆಗಲಿ ಅಂದೆ. ಒಬ್ಬಾಕೆ ಮೊಬೈಲ್ ಹಿಡಿದು, "ಸ್ವಲ್ಪ ತಲೆ ಆ ಕಡೆ ಮಾಡ್ಕೊಳ್ಳಿ, ಫೋಟೋಗೆ ಅಡ್ಡ ಬರುತ್ತೆ" ಅಂದಳು. ಮಾಡಿಕೊಂಡೆ.

ಏಪ್ರಿಲ್ 21
ಬಲಗೈಗೆ ಬ್ಯಾಂಡೇಜು. ಬಟ್ಟೆ ಎಳೆದು ಹಿಡಿದಿದ್ದ ಬೆರಳುಗಳ ಮೇಲೇ ಇಸ್ತ್ರಿ ಪೆಟ್ಟಿಗೆ ಹರಿಸಿಬಿಟ್ಟೆ. ಕಿರುಚಿಕೊಂಡೆ. ನೋಡುತ್ತಿದ್ದವರು ಇದೂ ನಟನೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷಕ್ಕೆ ನನಗೂ ಒಂದು ಚಪ್ಪಾಳೆ.

ಎಡಗೈಯಲ್ಲೇ ಬರೆಯುತ್ತಿದ್ದೇನೆ. ಇವಳು ಇಣುಕಿ, "ಇದ್ಯಾರ ಅಕ್ಷರ ರೀ?" ಅಂದಳು.

ಯಜಮಾನರು ಹೇಳಿ ಕಳಿಸಿದ್ದಾರೆ: ನಾಳೆ ಬಾ, ಎಡಗೈ ಚೆನ್ನಾಗೇ ಇದೆಯಲ್ಲ.

ಹೌದು, ಅವನ ಕೈ ಚೆನ್ನಾಗಿದೆ. ನನ್ನದು ಮಾತ್ರ ಬ್ಯಾಂಡೇಜಿನಲ್ಲಿದೆ.