ಪಂಚಮಿಗೆ ಕರೆಯುವವರು

ಅವ್ವಾ,

ಇವತ್ತು ಪತ್ರಿಕೆಗಾಗಿ ರೋಣದ ವಕೀಲೆ ಗಿರಿಜಾ ಹಂಚಿನಾಳರನ್ನು ಸಂದರ್ಶಿಸಿದೆ. ನ್ಯಾಯವೆಂದರೇನು ಎಂದು ಕೇಳಿದೆ.

"ಅಷ್ಟ ದೊಡ್ಡದು ಕೇಳಬ್ಯಾಡ್ರಿ," ಎಂದು ನಕ್ಕರು. "ಅಕ್ಕತಂಗ್ಯಾರು ತವರಿನ ಹೊಲದ ಪಾಲು ಬಿಟ್ಟುಕೊಡಾಕ ಬರ್ತಾರ. ಸಹಿಗಿಂತ ಮೊದಲ ಅಣ್ಣತಮ್ಮರನ್ನ ಚಾ ಕುಡಿಯಾಕ ಹೊರಗ ಕಳಿಸಿ, 'ಮನಸ್ಸಿದ್ದು ಕೊಡಾಕತ್ತೀಯೇನವ್ವಾ?' ಅಂತ ಕೇಳತೀನಿ."

"ಏನಂತಾರ್ರಿ?"

"ಎಲ್ಲಾರೂ ಹೂಂ ಅಂತಾರ. ನಿಮ್ಮವ್ವಾರೂ ತಮ್ಮ ತವರಿನ ಪಾಲಿನ ಸಹಿಗೆ ನನ್ನ ಕಡೆನ ಬಂದಿದ್ರು. ಅವರೊಬ್ಬರ ಮಾತ್ರ 'ಇಲ್ರಿ' ಅಂದ್ರು. ಆದ್ರೂ 'ಪಂಚಮಿಗೆ ತವರಿಗೆ ಕರಿಯೋರು ಬೇಕಲ್ರಿ' ಅಂತ ಸಹಿ ಮಾಡಿದ್ರು."

ಇದನ್ನು ನೀನು ನಮಗೆ ಹೇಳಲೇ ಇಲ್ಲ.

ಅಪ್ಪನ ಹೊಲದಲ್ಲಿ ನನ್ನ ಪಾಲು ಬಿಟ್ಟುಕೊಡುವ ಸಹಿಗೆ ಅಣ್ಣ ಸೋಮವಾರ ನನ್ನನ್ನು ಈ ವಕೀಲರಲ್ಲಿಗೇ ಕರೆದೊಯ್ಯುತ್ತಾನೆ. ನಾನೂ 'ಇಲ್ಲ' ಎನ್ನಬಲ್ಲೆ. ಹಾಗೆಂದ ಮೇಲೆ ಸಹಿ ಮಾಡದೆ ಎದ್ದು ಬರಬಲ್ಲೆನೇ?

ಈ ವರ್ಷದ ಪಂಚಮಿಗೆ ತಪ್ಪದೆ ಬಾ ಎಂದು ಅಣ್ಣ ನಿನ್ನೆಯೇ ಮನೆಗೆ ಬಂದು ಹೇಳಿ ಹೋದ.