ಕುದುರೆ ಸವಾರನ ಹಣೆಗೆ ಕುಂಕುಮ

ಸೆಂಡಾಯ್, ಜಪಾನ್, ಅಕ್ಟೋಬರ್ 2, ಗುರುವಾರ

ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನ ಕೈಗೆ ಪೆನ್ನು ಕೊಟ್ಟು, "ಯಾವ ಕುಂಕುಮ, ಎಷ್ಟು ನೀರು, ಎಲ್ಲಾ ಬರೀರಿ ತಾತ" ಅಂದಳು ಮೊಮ್ಮಗಳು ಕೃಪಾ. ಹಳೇ ಕಾಗದ ಸರಿಮಾಡುವವರಿಗೆ ಬೇಕಂತೆ. ಅರ್ಧ ಪುಟ ಗೀಚಿ ಕೊಟ್ಟೆ. ಹೆದರಿಕೆಯನ್ನು ಅದರಲ್ಲಿ ಬರೆಯಲಿಲ್ಲ.

ನಿನ್ನೆ ಆಯುಧಪೂಜೆ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮಷೀನಿಗೂ ಅಚ್ಚಾದ ಹಾಳೆಗೂ ಕುಂಕುಮ ಇಟ್ಟ ಕೈ ಇದು. ಅವಳ ಲ್ಯಾಪ್‌ಟಾಪಿಗೆ ಇಟ್ಟೆ, ಪುಸ್ತಕಗಳಿಗೆ ಇಟ್ಟೆ, ಮೇಜಿನ ಮೇಲಿದ್ದ ಚಿತ್ರದಲ್ಲಿನ ಇಂಗ್ಲಿಷ್ ಕುದುರೆ ಸವಾರನ ಹಣೆಗೂ ಇಟ್ಟೆ. ಅದು ಮುನ್ನೂರೆಪ್ಪತ್ತು ವರ್ಷದ ಹಾಳೆ, ಅದರ ಒಡೆಯ ಮೊರಿತಾ ಸಾನ್ ನಂಬಿ ಅವಳ ಓದಿಗೆ ಕೊಟ್ಟದ್ದು ಅಂತ ನನಗೆ ಯಾರು ಹೇಳಿದ್ದರು? ಹೆಚ್ಚಾಯಿತೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಕೆಂಪು ಮುಖಕ್ಕೆಲ್ಲ ಹರಡಿತು.

"ಕುದುರೆಗೆ ಇಡಬಾರದಿತ್ತಾ ತಾತ? ಆ ತಲೇನೇ ನನ್ನ ಥೀಸಿಸ್ಸು" ಅಂದಳು. ಮೊದಲು ಅಲ್ಲಿ ಇಂಗ್ಲೆಂಡಿನ ರಾಜನ ತಲೆ ಇತ್ತಂತೆ. ವೈರಿ ಅವನ ತಲೆ ಕಡಿಸಿದ ಮೇಲೆ, ಅಚ್ಚಿನವನು ಚಿತ್ರ ಒತ್ತುವ ತಾಮ್ರದ ತಗಡಿನಲ್ಲೂ ಅದನ್ನು ಕೆರೆದು, ಆ ವೈರಿಯ ತಲೆ ಕೆತ್ತಿದನಂತೆ. ಕೆರೆದ ಗುರುತು ಈ ಹಾಳೆಯಲ್ಲಿ ಕೂದಲೆಳೆಯಷ್ಟು ಉಳಿದಿತ್ತು. ನನ್ನ ಕುಂಕುಮ ಅದರ ಮೇಲೇ ಕೂತಿದೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅನ್ನ ಬಡಿಸಿ, ರೂಮಿನ ಬಾಗಿಲು ಹಾಕಿಕೊಂಡಳು. ಮೊರಿತಾ ಸಾನ್ ಸೋಮವಾರ ಬರುತ್ತಾರೆ. ಕೂಗಾಡುವ ಮನುಷ್ಯನಲ್ಲ, ಸುಮ್ಮನೆ ತಲೆ ಬಗ್ಗಿಸಿ ಹಾಳೆ ತೆಗೆದುಕೊಂಡು ಹೋದರೆ ಇವಳ ನಾಲ್ಕು ವರ್ಷದ ಓದು ಮುಗಿಯಿತು.

ಚಾಮುಂಡಿ, ನಿನ್ನ ಹಬ್ಬಕ್ಕೆಂದೇ ಇಟ್ಟದ್ದು. ಕಲೆ ಹೋಗುತ್ತದೋ ಇಲ್ಲವೋ, ಭಾನುವಾರ ಐದನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.