ಕುರಿಯ ಕಿವಿ ನೋಡಿದಿರಿ, ಅಳಿಯನ ಮಾತು ಕೇಳಲಿಲ್ಲ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಅಳಿಯ ಮಾರಣ್ಣನನ್ನು ಹಿಡಿದು ಜೈಲಿಗೆ ಕಳಿಸಿದಿರಿ. ಯಾಕೆಂದು ಅವನಿಗೆ ಹೇಳಲಿಲ್ಲ. ಆ ಬಂಧನವೇ ಅಕ್ರಮವೆಂದು ಹೈಕೋರ್ಟು ಅವನನ್ನು ಬಿಡಿಸಿದ ಮೇಲೂ, ಅವನ ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, "ಪೇಪರ್ ತಪ್ಪಾಗೈತೆ ಅಂತ ಕೋರ್ಟು ಬಿಟ್ಟೈತೆ. ಕಳ್ಳ ಕಳ್ಳನೇ ಕಣ್ರಿ" ಎಂದಿರಿ. ಪಕ್ಕದ ಮೇಜಿನಲ್ಲಿ ನಾನೇ ಇದ್ದೆ. ಥೂ, ಅಸಹ್ಯವಾಯಿತು.

ಆ "ಪೇಪರ್ ತಪ್ಪು" ಏನೆಂದು ಜನರಿಗೂ ತಿಳಿಯಲಿ. ಹಿಡಿದ ಕಾರಣವನ್ನು ಹಿಡಿದವನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ತಾವು ಕೊಟ್ಟದ್ದು ಇಂಗ್ಲಿಷ್ ಹಾಳೆ. ಮಾರಣ್ಣ ಕನ್ನಡದಲ್ಲೇ ಹೆಸರು ಬರೆಯಲು ತಿಣುಕುವವನು. ಇದೇ ಹೋಟೆಲಿನ ಮುಂದೆ ಅವನು "ಯಾಕ್ ಸಾರ್ ಹಿಡೀತೀರಿ?" ಎಂದರೆ ನಿಮ್ಮ ಪೇದೆ, "ನಡಿಯಲೇ, ಅಲ್ಲಿ ಗೊತ್ತಾಗ್ತೈತೆ" ಎಂದ. ಠಾಣೆಯಲ್ಲಿ ಆ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಮಗಳು ಹುಲಿಗೆಮ್ಮ ಬಾಗಿಲಲ್ಲಿ ನಿಂತು, "ನನ್ ಗಂಡ ಏನ್ ಮಾಡ್ಯಾನೆ ಹೇಳ್ರಿ" ಎಂದು ಅತ್ತರೆ "ವಕೀಲರನ್ನ ಕೇಳಮ್ಮ" ಎಂದಿರಿ. ಭೇಷ್!

ಕಾರಣ ಹೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ನಮ್ಮಲ್ಲಿ ಕುರಿಮರಿಯ ಕಿವಿಯಲ್ಲಿ ಒಂದೊಂದು ಮನೆಯವರು ಒಂದೊಂದು ಗುರುತು ಕೊಯ್ಯುತ್ತಾರೆ. ಮದುವೆಯಾಗಿ ಹೋಗುವ ಮಗಳಿಗೆ ಕುರಿ ಕೊಟ್ಟರೆ ಅದರ ಕಿವಿಯಲ್ಲಿ ತವರಿನ ಗುರುತೇ ಇರುತ್ತದೆ. ಮಾರಣ್ಣನ ಮಂದೆಯಲ್ಲಿ ಬೇರೆ ಗುರುತಿನ ಕುರಿಗಳಿವೆಯೆಂದು ಯಾರೋ ನಿಮ್ಮ ಕಿವಿಯಲ್ಲಿ ಊದಿದರು, ಕಳ್ಳತನದ ದೂರೊಂದು ಬಾಕಿಯಿತ್ತು. ಅಲ್ಲಿಗೆ ತನಿಖೆ ಮುಗಿಯಿತು! ಕಾರಣ ತಿಳಿದಿದ್ದರೆ ಅವನು, "ಅವು ನಮ್ ಮಾವ ಕೊಟ್ಟಿದ್ದು ಸಾರ್, ಯಲ್ಲದಕೆರೆಗೆ ಫೋನ್ ಮಾಡ್ರಿ" ಎಂದಿರುತ್ತಿದ್ದ, ಅಷ್ಟೇ. ಕುಂಬಳಕಾಯಿ ಕಳ್ಳನಿಗಾದರೂ ಕುಂಬಳಕಾಯಿ ಎಂದು ಹೇಳುತ್ತಾರೆ ಸ್ವಾಮಿ, ಇವನಿಗೆ ಅದನ್ನೂ ಹೇಳಲಿಲ್ಲ. ಅವನನ್ನು ಜೈಲಿಗೆ ಕಳಿಸಿದ ಮೇಲೆ ಬಂದು ಆ ಗುರುತಿನ ಕುರಿಗಳನ್ನು ಎಳೆದೊಯ್ದಿರಿ. ಅವು ನಾನು ಕೊಟ್ಟವೆಂದು ಓಡಿಬಂದು ಹೇಳಿದರೆ, "ಕೋರ್ಟಾಗೆ ಹೇಳ್ರಿ ಮೇಷ್ಟ್ರೇ" ಎಂದಿರಿ.

ಹೈಕೋರ್ಟು ಬಂಧನ ತಪ್ಪೆಂದಿತು. ಕುರಿ ಯಾರದೆಂದು ಹೇಳಲಿಲ್ಲ, ಅದು ಅಲ್ಲಿನ ಪ್ರಶ್ನೆಯೂ ಆಗಿರಲಿಲ್ಲ. ಹಾಗಾಗಿ ಶ್ರೀರಾಂಪುರದ ಬಸ್ಸಿಗೆ ಮಾರಣ್ಣ ಹತ್ತಿದರೆ "ಕುರಿ ಹುಷಾರ್ರಪ್ಪೋ" ಎಂದು ನಗುತ್ತಾರೆ. ಈಗ ಅವನು ಮನೆಯಿಂದ ಹೊರಬೀಳುತ್ತಿಲ್ಲ; ಉಳಿದ ಕುರಿಗಳನ್ನು ಹುಲಿಗೆಮ್ಮನೇ ಮೇಯಿಸುತ್ತಾಳೆ. ಮೊನ್ನೆ, "ಅಪ್ಪಾ, ಆ ಕುರಿ ನೀನ್ ಕೊಡ್ಲೇಬಾರ್ದಿತ್ತು" ಎಂದಳು.

ಜಪ್ತಿ ಮಾಡಿದ ಕುರಿಗಳನ್ನು ತಾವೇ ಅದೇ ಹೋಟೆಲಿನ ಮುಂದೆ ತನ್ನಿ. ನನ್ನ ಮಂದೆಯಿಂದ ನಾನೊಂದು ತರುತ್ತೇನೆ. ಅವುಗಳ ಕಿವಿಯನ್ನೂ ಇದರ ಕಿವಿಯನ್ನೂ ಎತ್ತಿ ಹಿಡಿದು, ಅದೇ ಜನರೆದುರು, ಮಾರಣ್ಣನನ್ನು ಯಾಕೆ ಹಿಡಿದಿರೆಂದು ಮಾರಣ್ಣನಿಗೇ ಹೇಳಿ. ಕನ್ನಡದಲ್ಲಿ.

ಇಂತಿ,
ಕುರಿಯ ಜೊತೆಗೆ ಕಳ್ಳನೆಂಬ ಹೆಸರನ್ನೂ ಅಳಿಯನಿಗೆ ಬಳುವಳಿ ಕೊಟ್ಟ
ಚಿಕ್ಕತಿಮ್ಮಪ್ಪ, ನಿವೃತ್ತ ಮೇಷ್ಟ್ರು, ಯಲ್ಲದಕೆರೆ